ದುಃಖಿತರ ಮುಂದೆ ಸ್ವಾನುಭವ: ಎಷ್ಟು ಹೇಳಬೇಕು, ಎಂದು ಹೇಳಬೇಕು?

ಸಾವಾದ ಮನೆಗೆ ಹೋಗಿ ಬರುವುದನ್ನು ಕನ್ನಡದಲ್ಲಿ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಈ ಮಾತಿನ ರಚನೆಯನ್ನು ಕೊಂಚ ಗಮನಿಸಿ ನೋಡಬೇಕು. ಹೋದವರು ತಾವು ಮಾತಾಡಿ ಬರುವುದೆಂದು ಇದರ ಅರ್ಥವಲ್ಲ. ಮನೆಯವರನ್ನು ಮಾತಾಡಿಸಿ ಬರುವುದೆಂದು ಅರ್ಥ. ಮಾತು ಹೊರಡಬೇಕಾದದ್ದು ದುಃಖದಲ್ಲಿರುವವರ ಬಾಯಿಂದ. ಬಂದವರ ಕೆಲಸ ಅದಕ್ಕೆ ಎಡೆ ಮಾಡಿಕೊಡುವುದು. ಆದರೆ ವಾಡಿಕೆಯಲ್ಲಿ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಬಂದವರು ಕುಳಿತ ಐದು ನಿಮಿಷದೊಳಗೆ ತಮ್ಮ ತಂದೆ ಹೋದ ಬಗೆ, ತಮ್ಮ ಭಾವಮೈದುನನಿಗೆ ಹೃದಯಾಘಾತವಾದ ರಾತ್ರಿ, ಆಸ್ಪತ್ರೆಗೆ ಸುರಿದ ಹಣ ಎಲ್ಲವೂ ಹೊರಬೀಳುತ್ತವೆ. ಮನೆಯಾಕೆ ತನ್ನ ಕಣ್ಣೀರನ್ನು ಒರಸಿಕೊಂಡು ಅವರ ಕಥೆಗೆ ಹೂಂಗುಟ್ಟುತ್ತ ಕೂರುತ್ತಾಳೆ.

ಗುಜರಾತಿನ ಪದ್ಧತಿ ಬೇರೆ. ಇಲ್ಲಿ ಸಾವಿನ ನಂತರ ‘ಬೇಸಣು’ ಎಂಬ ಕೂಟವನ್ನು ಏರ್ಪಡಿಸುತ್ತಾರೆ. ದಿನಪತ್ರಿಕೆಯಲ್ಲಿ ಗತಿಸಿದವರ ಭಾವಚಿತ್ರದೊಡನೆ ಸ್ಥಳವೂ ವೇಳೆಯೂ ಪ್ರಕಟವಾಗುತ್ತವೆ. ಬಿಳಿಯ ಉಡುಪಿನಲ್ಲಿ ಬಂದವರು ಚಿತ್ರಕ್ಕೆ ಹೂವೇರಿಸಿ, ಕೆಲಹೊತ್ತು ಭಜನೆ ಕೇಳುತ್ತ ಕುಳಿತು, ಮನೆಯವರಿಗೆ ಕೈಮುಗಿದು ಹೊರಡುತ್ತಾರೆ. ಹೊಸದಾಗಿ ಬಂದ ಕನ್ನಡಿಗರಿಗೆ ಇದು ಒಣ ಶಿಷ್ಟಾಚಾರವೆಂದು ತೋರುವುದುಂಟು. ಆದರೆ ಇದರಲ್ಲಿ ಒಂದು ವಿವೇಕವಿದೆ: ದುಃಖಿತರ ಮೇಲೆ ಯಾರೂ ತಮ್ಮ ಕಥೆಯ ಭಾರವನ್ನು ಹೇರುವುದಿಲ್ಲ. ಆ ಎರಡು ಗಂಟೆ ಕಳೆದು ಮುಂದಿನ ತಿಂಗಳುಗಳಲ್ಲಿ ಅವರನ್ನು ಮಾತಾಡಿಸುವವರು ಯಾರೆಂಬ ಪ್ರಶ್ನೆಗೆ ಮಾತ್ರ ಅಂಥ ಕೂಟವು ಉತ್ತರ ಕೊಡಲಾರದು.

ಪರಸ್ಥಳದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಹೆಚ್ಚು ತೀವ್ರವಾದದ್ದು. ಜೋಧಪುರ ಟೇಕ್ರಾದ ಉಪಗ್ರಹ ಸಂಪರ್ಕ ಕೇಂದ್ರದಿಂದ ಹೆಸರು ಪಡೆದ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಾಗಲಿ, ವಡೋದರಾ ಸೂರತ್‌ಗಳಲ್ಲಾಗಲಿ, ಉದ್ಯೋಗದ ನಿಮಿತ್ತ ಬಂದು ನಿಂತವರ ಮನೆಯಲ್ಲಿ ಸಾವು ಸಂಭವಿಸಿದರೆ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಉಡುಪಿಯಿಂದಲೋ ಬಂಧುಗಳು ಧಾವಿಸಿ ಬರುತ್ತಾರೆ. ವೈಕುಂಠ ಸಮಾರಾಧನೆ ಮುಗಿಯುತ್ತಲೇ ರಜೆಯೂ ಮುಗಿಯುತ್ತದೆ. ಹದಿನಾಲ್ಕನೆಯ ದಿನ ಮನೆ ಬರಿದಾಗುತ್ತದೆ. ಅಲ್ಲಿಂದ ಮುಂದಕ್ಕೆ ಆಸರೆಯಾಗುವವರು ಸಾಮಾನ್ಯವಾಗಿ ಸಂಘದಲ್ಲಿ ಪರಿಚಯವಾದ ಯಾರೋ ಹಿರಿಯರು, ಅದರಲ್ಲಿಯೂ ಅಂಥದೇ ದುಃಖವನ್ನು ಹಿಂದೆ ಅನುಭವಿಸಿದವರು. ‘ಅವರೂ ಗಂಡನನ್ನು ಕಳೆದುಕೊಂಡವರು, ಅವರು ಹೋಗಿ ಮಾತಾಡಲಿ’ ಎಂದು ಉಳಿದವರು ಸಲಹೆ ಮಾಡುತ್ತಾರೆ. ಸಲಹೆ ಯೋಗ್ಯವಾದದ್ದೇ. ಹೋದವರು ತಮ್ಮ ಅನುಭವವನ್ನು ಎಷ್ಟು ಹೇಳಬೇಕು, ಎಂದು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಅವರಿಗೆ ಯಾರೂ ತಿಳಿಸಿಕೊಡುವುದಿಲ್ಲ.

ಅನುಭವಿಗಳ ಆಸರೆ

ಅದೇ ದುಃಖವನ್ನು ಕಂಡವರ ನೆರವು ನಿಜವಾಗಿಯೂ ಉಪಯುಕ್ತವೇ? ಈ ವಿಷಯದಲ್ಲಿ ಕೆಲವು ಒಳ್ಳೆಯ ದಾಖಲೆಗಳಿವೆ. 1968ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದ ಆಸ್ಪತ್ರೆಯೊಂದರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಬಾಲಕರು ತೀರಿಕೊಂಡರು. ಸೈಮನ್ ಸ್ಟೀಫನ್ಸ್ ಎಂಬ ತರುಣ ಪಾದ್ರಿ ಆ ಎರಡು ಕುಟುಂಬಗಳಿಗೂ ಪರಿಚಿತನಾಗಿದ್ದನು. ತಾನು ಹೇಳಬಲ್ಲ ಯಾವ ಸಮಾಧಾನಕ್ಕಿಂತಲೂ ಆ ಇಬ್ಬರು ತಾಯಂದಿರೂ ಇಬ್ಬರು ತಂದೆಯರೂ ಒಟ್ಟಿಗೆ ಕುಳಿತು ತಮ್ಮ ಮಕ್ಕಳ ವಿಷಯ ಮಾತಾಡಿಕೊಂಡದ್ದೇ ಅವರಿಗೆ ಹೆಚ್ಚು ಬಲ ಕೊಟ್ಟಿತೆಂಬುದನ್ನು ಆತನು ಕಂಡನು. ಮರುವರ್ಷ, 1969ರಲ್ಲಿ, ಆ ಕುಟುಂಬಗಳೊಡನೆ ಸೇರಿ ಆರಂಭಿಸಿದ ‘ಕಂಪ್ಯಾಷನೇಟ್ ಫ್ರೆಂಡ್ಸ್’ ಎಂಬ ಸಂಘಟನೆ ಇಂದು ಅನೇಕ ದೇಶಗಳಲ್ಲಿದೆ.

ಅದೇ ಸುಮಾರಿಗೆ, 1967ರಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ ಫಿಲಿಸ್ ಸಿಲ್ವರ್‌ಮನ್ ಎಂಬ ವಿದುಷಿಯು ವಿಧವೆಯರಿಗೆ ವಿಧವೆಯರಿಂದಲೇ ನೆರವು ದೊರಕಿಸುವ ಯೋಜನೆಯೊಂದನ್ನು ಆರಂಭಿಸಿದರು. ಮರಣವಾಗಿ ಕೆಲವು ವಾರಗಳಾದ ಮೇಲೆ, ಮೊದಲು ಪತ್ರ ಬರೆದು ತಿಳಿಸಿ, ಅನಂತರ ಮನೆಗೆ ಹೋಗುವ ಕ್ರಮವನ್ನು ಅಲ್ಲಿ ಇಟ್ಟುಕೊಂಡಿದ್ದರು. ಕೆನಡಾದ ಟೊರಾಂಟೊದಲ್ಲಿ ಮೇರಿ ವಾಶಾನ್ ಮತ್ತು ಅವರ ಸಂಗಡಿಗರು ಇಂಥ ನೆರವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 162 ಮಂದಿ ವಿಧವೆಯರನ್ನು ಎರಡು ವರ್ಷಗಳ ಕಾಲ ಗಮನಿಸಲಾಯಿತು. ನೆರವು ಪಡೆದವರು ಪಡೆಯದವರಿಗಿಂತ ಬೇಗನೆ ಚೇತರಿಕೆಯ ಹಾದಿಗೆ ಬಂದರು. ಈ ಅಧ್ಯಯನದ ಒಂದು ವಿವರವನ್ನು ಓದುಗರು ಮರೆಯಬಾರದು. ನೆರವಿಗೆ ಹೋದವರು ಕೇವಲ ವಿಧವೆಯರಾಗಿರಲಿಲ್ಲ. ತಮ್ಮ ಶೋಕವನ್ನು ದಾಟಿ ಬಂದವರಾಗಿದ್ದರು, ಮತ್ತು ಅದಕ್ಕಾಗಿ ತರಬೇತಿ ಪಡೆದಿದ್ದರು. ದುಃಖ ಪಟ್ಟಿರುವುದೊಂದೇ ಅರ್ಹತೆಯಾಗಿರಲಿಲ್ಲ.

ಇದಕ್ಕೆ ಎದುರಾಗಿ ಕಾಣುವ ಇನ್ನೊಂದು ಮಾತಿದೆ. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಸೇರಿ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ, ನೆರವಿಗೆ ಹೋದವರು ಬೇರೊಬ್ಬರ ಕಥೆಯನ್ನು ಹೇಳಬಾರದು, ತಮ್ಮ ಕಷ್ಟಗಳನ್ನೂ ಹೇಳಿಕೊಳ್ಳಬಾರದು ಎಂಬ ಸ್ಪಷ್ಟ ಸೂಚನೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಒರಿಸ್ಸಾದ 1999ರ ಚಂಡಮಾರುತ, ಗುಜರಾತಿನ 2001ರ ಭೂಕಂಪ, 2004ರ ಸುನಾಮಿ ಮುಂತಾದ ವಿಪತ್ತುಗಳ ಅನುಭವದಿಂದ ಸ್ಥಳೀಯ ಕಾರ್ಯಕರ್ತರಿಗಾಗಿ ರೂಪಿಸಿದ ಪಾಠಕ್ರಮದಲ್ಲಿ, ದುಃಖವನ್ನು ಹೊರಹಾಕಲು ಅವಕಾಶ, ಸಹಾನುಭೂತಿ, ಮನಸ್ಸಿಟ್ಟು ಕೇಳುವುದು, ಸಾಮಾಜಿಕ ಬೆಂಬಲ ಇವೇ ಮೊದಲಾದ ತತ್ತ್ವಗಳಿವೆ. ಸ್ವಂತ ಕಥೆ ಹೇಳುವುದು ಆ ತತ್ತ್ವಗಳಲ್ಲಿ ಸೇರಿಲ್ಲ.

ಒಂದು ಕಡೆ ಅನುಭವಿಗಳೇ ಬೇಕೆನ್ನುತ್ತಾರೆ. ಇನ್ನೊಂದು ಕಡೆ ಅನುಭವವನ್ನು ಹೇಳಬಾರದೆನ್ನುತ್ತಾರೆ. ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ವಿರೋಧ ಅರ್ಧದಷ್ಟು ಕರಗುತ್ತದೆ. ಕೈಪಿಡಿಯ ಮಾತು ಆಘಾತದ ಮೊದಲ ಗಂಟೆಗಳಿಗೆ, ಮೊದಲ ದಿನಗಳಿಗೆ ಸಂಬಂಧಿಸಿದ್ದು. ಆಗ ಮನಸ್ಸು ಹೊರಗಿನ ಯಾವ ಕಥೆಯನ್ನೂ ಹಿಡಿದಿಟ್ಟುಕೊಳ್ಳಲಾರದು. ಬೇಕಾದದ್ದು ನೀರು, ಆಹಾರ, ನಿದ್ರೆ, ಪಕ್ಕದಲ್ಲಿ ಒಬ್ಬರು. ಬಾಸ್ಟನ್ನಿನ ಮಹಿಳೆಯರು ವಾರಗಟ್ಟಲೆ ಕಾದು ಹೋದದ್ದು ಇದೇ ಕಾರಣದಿಂದ ಎಂದು ಭಾವಿಸಬಹುದು. ಉಳಿದ ಅರ್ಧ ಹೇಳುವ ಬಗೆಗೆ ಸೇರಿದ್ದು. ಹೆಚ್ಚಿನವರು ತಪ್ಪುವುದು ಅಲ್ಲಿಯೇ.

ಎರಡು ದುರಂತಗಳ ನಡುವೆ

ಅಹಮದಾಬಾದ್ ನಗರ ಕಾಲು ಶತಮಾನದಲ್ಲಿ ಎರಡು ದೊಡ್ಡ ಸಾವುಗಳ ದಿನಗಳನ್ನು ಕಂಡಿದೆ. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ, ಶಾಲೆಗಳಲ್ಲಿ ಧ್ವಜವಂದನೆ ನಡೆಯುವ ಹೊತ್ತಿಗೆ, ಕಚ್ಛದಲ್ಲಿ ಭೂಮಿ ನಡುಗಿತು. ಕೇಂದ್ರಬಿಂದುವಿನಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಈ ನಗರದಲ್ಲಿ ಸುಮಾರು 750 ಮಂದಿ ಮಡಿದರು. ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಕೆಲವು ಸ್ಯಾಟಲೈಟ್ ಭಾಗದವೇ. ಇಪ್ಪತ್ತನಾಲ್ಕು ವರ್ಷಗಳ ಮೇಲೆ, 2025ರ ಜೂನ್ 12ರಂದು, ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ಮೇಘಾಣಿನಗರದ ಬಿ. ಜೆ. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ ಮೇಲೆ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲಿದ್ದ 19 ಮಂದಿಯೂ ಸೇರಿ 260 ಪ್ರಾಣಗಳು ಹೋದವು. ಇವೆರಡರ ನಡುವೆ, 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ, ಕೋವಿಡ್ ಎರಡನೆಯ ಅಲೆಯಲ್ಲಿ ಹೋದವರ ಮನೆಗಳಿಗೆ ಮಾತಾಡಿಸಲು ಹೋಗುವುದಕ್ಕೂ ಅವಕಾಶವಿರಲಿಲ್ಲ. ಆ ಮನೆಗಳಲ್ಲಿ ಕೆಲವು ಇನ್ನೂ ಕಾಯುತ್ತಿವೆ ಎಂದರೆ ತಪ್ಪಾಗಲಾರದು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಭೂಕಂಪದಲ್ಲಿ ಹನ್ನೆರಡು ವರ್ಷದ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ಈಗ ಎಪ್ಪತ್ತರ ಹತ್ತಿರದ ವಯಸ್ಸು. ವಿಮಾನ ದುರಂತದಲ್ಲಿ ಮಗಳನ್ನು ಕಳೆದುಕೊಂಡ ಕಿರಿಯ ದಂಪತಿಗಳ ಮನೆಗೆ ಆಕೆ ಹೋಗುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಆ ಹುಡುಗಿಯ ತಾಯಿಯ ಕೈ ಹಿಡಿದು, “ನನಗೆ ಎಲ್ಲಾ ಅರ್ಥವಾಗುತ್ತೆ ಕಣಮ್ಮಾ. ನನ್ನ ಮಗನೂ ಹೀಗೇ ಹೋದ. ಒಂದು ವರ್ಷ ಕಳೆದರೆ ಎಲ್ಲಾ ಸರಿಹೋಗುತ್ತೆ” ಎನ್ನುತ್ತಾಳೆ. ಮೂರು ಪುಟ್ಟ ವಾಕ್ಯಗಳು; ಮೂರರಲ್ಲಿಯೂ ದೋಷವಿದೆ. ಎಲ್ಲವೂ ಅರ್ಥವಾಗುವುದು ಸಾಧ್ಯವಿಲ್ಲ. ‘ಹೀಗೇ’ ಹೋಗಲಿಲ್ಲ, ಭೂಕಂಪದಲ್ಲಿ ತಾಯಿಯ ಕಣ್ಣೆದುರಿಗೆ ಅವಶೇಷಗಳನ್ನು ತೆಗೆದರು, ಆದರೆ ವಿಮಾನ ದುರಂತದ ಕುಟುಂಬಗಳು ರಕ್ತದ ಮಾದರಿ ಕೊಟ್ಟು ಡಿಎನ್‌ಎ ಪರೀಕ್ಷೆಯ ಫಲಕ್ಕಾಗಿ ದಿನಗಟ್ಟಲೆ ಕಾದವು, ಕೊನೆಯ ಗುರುತು ಸಿಗುವ ಹೊತ್ತಿಗೆ ಎರಡು ವಾರ ಮೀರಿತ್ತು. ಆ ಕಾಯುವಿಕೆಯ ಸಂಕಟ ಹಿರಿಯಳಿಗೆ ಗೊತ್ತಿಲ್ಲ. ಒಂದು ವರ್ಷದ ವಾಯಿದೆಯನ್ನು ಕೊಡುವ ಅಧಿಕಾರವಂತೂ ಯಾರಿಗೂ ಇಲ್ಲ. ವರ್ಷ ಕಳೆದೂ ಸರಿಹೋಗದಿದ್ದರೆ ಆ ತಾಯಿ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಎಣಿಸಿಕೊಳ್ಳುತ್ತಾಳೆ.

ಅದೇ ಹಿರಿಯಳು ಬೇರೆ ರೀತಿಯಲ್ಲಿ ನಡೆದುಕೊಂಡಳೆಂದು ಭಾವಿಸೋಣ. ಮೊದಲ ಭೇಟಿಯಲ್ಲಿ ತನ್ನ ಮಗನ ವಿಷಯವನ್ನೇ ಎತ್ತುವುದಿಲ್ಲ. ಸುದ್ದಿ ಹೇಗೂ ಆ ಮನೆಯವರಿಗೆ ಗೊತ್ತಿರುತ್ತದೆ. ಹುಡುಗಿಯ ಹೆಸರನ್ನು ಕೇಳಿ, ಆ ಹೆಸರನ್ನು ಹಿಡಿದೇ ಮಾತಾಡುತ್ತಾಳೆ. ಎರಡನೆಯ ಸಲವೋ ಮೂರನೆಯ ಸಲವೋ ಹೋದಾಗ, ಅಡುಗೆಮನೆಯಲ್ಲಿ ಚಹ ಸೋಸುತ್ತಿರುವ ಕಿರಿಯಳು ಬೆನ್ನು ತಿರುಗಿಸಿಕೊಂಡೇ, “ಅಮ್ಮಾ, ನೀವು ಹೇಗೆ ತಡಕೊಂಡಿರಿ?” ಎನ್ನುತ್ತಾಳೆ. ಆಗ ಉತ್ತರ: “ತಡಕೊಂಡೆ ಅಂತ ಹೇಳಲಾರೆ, ತಾಯೀ. ಅವನ ಶಾಲೆಯ ಚೀಲವನ್ನು ಎರಡು ವರ್ಷ ಗೂಟದಿಂದ ಇಳಿಸಲಿಲ್ಲ. ನಿನಗೆ ಈಗ ಯಾವ ಹೊತ್ತು ಹೆಚ್ಚು ಕಷ್ಟ?” ತನ್ನ ವಿಷಯ ಎರಡೇ ವಾಕ್ಯ, ಅದರಲ್ಲಿ ಉಪದೇಶವಿಲ್ಲ, ವಾಯಿದೆಯಿಲ್ಲ. ಮೂರನೆಯ ವಾಕ್ಯ ಮಾತನ್ನು ಮತ್ತೆ ಕಿರಿಯಳ ಕೈಗೆ ಒಪ್ಪಿಸುತ್ತದೆ. ಚೀಲದ ಮಾತನ್ನು ಕೇಳಿದ ಮೇಲೆ, ಮಗಳ ಕೋಣೆಯ ಬಾಗಿಲನ್ನು ತಾನಿನ್ನೂ ತೆರೆದಿಲ್ಲವೆಂದು ಹೇಳಿಕೊಳ್ಳುವುದು ಅವಳಿಗೆ ಸಾಧ್ಯವಾಗುತ್ತದೆ.

ಇಲ್ಲಿ ಸಾಸಿವೆಯ ಕಥೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧನು ಸಾವಿಲ್ಲದ ಮನೆಯ ಸಾಸಿವೆಯನ್ನು ತರಹೇಳಿದನು. ಶೋಕದ ಮನೆಗಳಲ್ಲಿ ಈ ಕಥೆಯನ್ನು ಹೇಳುವವರು ಬಹಳ. ಸಾವು ಎಲ್ಲರಿಗೂ ಉಂಟು, ಆದ್ದರಿಂದ ಅಳಬೇಡ ಎಂಬ ಅರ್ಥದಲ್ಲಿ ಹೇಳುತ್ತಾರೆ. ಆದರೆ ಕಥೆಯಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಬುದ್ಧನು ಅವಳಿಗೆ ಪ್ರವಚನ ಮಾಡಲಿಲ್ಲ. ಊರಿನವರೂ ತಾವಾಗಿ ಬಂದು ತಮ್ಮ ಸಾವುಗಳನ್ನು ಅವಳ ಮುಂದೆ ಸುರಿಯಲಿಲ್ಲ. ಅವಳೇ ಹೋಗಿ ಕೇಳಿದಳು. ಕೇಳಿದ ಮನೆಯವರು ತಮ್ಮಲ್ಲಿ ಸಾವಾದದ್ದನ್ನಷ್ಟೇ ಹೇಳಿದರು. ಮುಂದಿನ ಬಾಗಿಲಿಗೆ ಹೋಗುವ ನಿರ್ಧಾರವೂ ಅವಳದೇ ಆಗಿತ್ತು. ಅವಳು ಮನೆಯಲ್ಲಿ ಕುಳಿತಿದ್ದು ಊರಿನವರೆಲ್ಲ ಸರದಿಯಲ್ಲಿ ಬಂದು ಅದೇ ಮಾತುಗಳನ್ನು ಹೇಳಿದ್ದರೆ ಮಗುವನ್ನು ಆಕೆ ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದಳೇನೋ.

ಔಷಧಿಯ ಪ್ರಮಾಣ

ಆದುದರಿಂದ ಸ್ವಾನುಭವವನ್ನು ಔಷಧಿಯಂತೆ ಕಾಣುವುದು ಲೇಸು. ಔಷಧಿಗೆ ರೋಗಿಯ ಅಗತ್ಯ ಮುಖ್ಯ, ಪ್ರಮಾಣ ಮುಖ್ಯ, ಹೊತ್ತು ಮುಖ್ಯ. ವೈದ್ಯನ ಚೀಲದಲ್ಲಿ ಇದೆಯೆಂಬ ಕಾರಣಕ್ಕೆ ಯಾರೂ ಅದನ್ನು ಕುಡಿಸುವುದಿಲ್ಲ. ಬಾಯಿ ತೆರೆಯುವ ಮೊದಲು ನೆರವಾಗುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಹೇಳಿದರೆ ಹಗುರವಾಗುವುದು ಯಾರ ಎದೆ? ತಮ್ಮ ಎದೆಯೆಂದಾದರೆ ಅದನ್ನು ಬೇರೆ ಕಡೆ, ಬೇರೆಯವರ ಮುಂದೆ ಹೇಳಿಕೊಳ್ಳತಕ್ಕದ್ದು. ಹೇಳುತ್ತಿರುವಾಗ ತಮಗೇ ಗಂಟಲು ಕಟ್ಟಿ, ದುಃಖದ ಮನೆಯವಳು ಎದ್ದು ನೀರು ತಂದುಕೊಟ್ಟು ಸಮಾಧಾನ ಮಾಡಬೇಕಾಗಿ ಬಂದರೆ ಭೇಟಿ ತಲೆಕೆಳಗಾಯಿತೆಂದೇ ತಿಳಿಯಬೇಕು. ಕಣ್ಣು ತುಂಬಿ ಬರುವುದು ತಪ್ಪೆಂದು ಇದರ ಅರ್ಥವಲ್ಲ. ಕಣ್ಣು ತುಂಬಿದವರು ಎದುರಿಗಿರುವವರನ್ನು ಇನ್ನೂ ನೋಡಬಲ್ಲರೇ ಎಂಬುದಷ್ಟೇ ಪ್ರಶ್ನೆ.

ಯಾವ ಬಗೆಯ ಅನುಭವ ಉಪಯೋಗಕ್ಕೆ ಬರುತ್ತದೆ ಎಂಬುದೂ ವಿಚಾರಣೀಯ. ದೊಡ್ಡ ತತ್ತ್ವಗಳಿಗಿಂತ ಸಣ್ಣ ಸಂಗತಿಗಳು ಹೆಚ್ಚು ಪ್ರಯೋಜನಕಾರಿ. ಒಬ್ಬರಿಗೇ ಎಂದು ಅನ್ನಕ್ಕಿಡಲು ಕೈ ಬಾರದಿದ್ದದ್ದು, ಬ್ಯಾಂಕಿನಲ್ಲಿ ಮರಣಪತ್ರದ ಪ್ರತಿಯನ್ನು ಎಷ್ಟು ಸಲ ಕೊಡಬೇಕಾಯಿತೆಂಬುದು, ಗಂಡನ ಅಂಗಿಗಳನ್ನು ಎಂದು ಕೊಟ್ಟದ್ದು, ಯಾವುದನ್ನು ಇಟ್ಟುಕೊಂಡದ್ದು. ಗುಜರಾತಿನಲ್ಲಿ ನವರಾತ್ರಿಯ ಒಂಬತ್ತು ರಾತ್ರಿಯೂ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಗರ್ಬಾ ಹಾಡುಗಳು ಮೊಳಗುತ್ತವೆ. ಮೊದಲ ವರ್ಷದ ನವರಾತ್ರಿಯಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತದ್ದನ್ನೋ, ಆ ಹೊತ್ತಿಗೆ ಊರಿಗೆ ಹೋಗಿಬಂದದ್ದನ್ನೋ ಹೇಳಿದರೆ ಕೇಳುವವರಿಗೆ ತಮ್ಮ ನವರಾತ್ರಿಯನ್ನು ಕುರಿತು ಯೋಚಿಸಲು ಒಂದು ದಾರಿ ಸಿಗುತ್ತದೆ. ‘ನೀವೂ ಹಾಗೆಯೇ ಮಾಡಿ’ ಎಂಬುದನ್ನು ಜೋಡಿಸುವ ಅಗತ್ಯವಿಲ್ಲ.

ಹೇಳಲೇಬಾರದ ಸಂಗತಿಗಳೂ ಇವೆ. ಕೊನೆಯ ಗಳಿಗೆಯ ದೇಹಸ್ಥಿತಿಯ ವರ್ಣನೆ ಯಾರಿಗೂ ಬೇಡ. ‘ಇನ್ನೊಂದು ಆಸ್ಪತ್ರೆಗೆ ಸೇರಿಸಿದ್ದಕ್ಕೆ ನಮ್ಮವರು ಉಳಿದರು’ ಎಂಬ ಮಾತು ಕೇಳುವವರ ಎದೆಯಲ್ಲಿ ಅಪರಾಧದ ಮುಳ್ಳನ್ನು ನೆಟ್ಟು ಹೋಗುತ್ತದೆ. ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯಲ್ಲಿ ವಿಧಾನದ ಮಾತು, ಕಾರಣದ ಊಹೆ ಎರಡೂ ವರ್ಜ್ಯ. ಮೂರನೆಯ ಮನೆಯ ದುಃಖವನ್ನು ಉದಾಹರಣೆಗೆಂದು ತರುವುದು ಇನ್ನೊಂದು ಸಾಮಾನ್ಯ ತಪ್ಪು. ಪರಸ್ಥಳದ ಕನ್ನಡ ಸಮಾಜ ಚಿಕ್ಕದು. ಹೆಸರು ಹೇಳದಿದ್ದರೂ ಯಾರ ಮನೆಯ ವಿಷಯವೆಂದು ಕೇಳಿದವರಿಗೆ ತಿಳಿದುಹೋಗುತ್ತದೆ. ಇಂದು ಅವರ ಕಥೆ ಇಲ್ಲಿ ಬಂತು, ನಾಳೆ ತನ್ನ ಕಥೆ ಅಲ್ಲಿ ಹೋದೀತೆಂದು ಕೇಳುಗಳು ಬಾಯಿ ಮುಚ್ಚಿಕೊಳ್ಳುತ್ತಾಳೆ.

ತಮ್ಮ ದಾರಿಯನ್ನೇ ಎಲ್ಲರ ದಾರಿಯೆಂದು ತಿಳಿಯುವುದಕ್ಕೆ ಪುಸ್ತಕಗಳೂ ಕೊಂಚ ಕಾರಣವಾಗಿವೆ. ಎಲಿಸಬೆತ್ ಕ್ಯೂಬ್ಲರ್ ರಾಸ್ ಅವರು 1969ರ ತಮ್ಮ ಗ್ರಂಥದಲ್ಲಿ ವಿವರಿಸಿದ ಐದು ಹಂತಗಳು ಬಹು ಪ್ರಸಿದ್ಧವಾದವು. ಅವರು ಅವುಗಳನ್ನು ಕಂಡದ್ದು ಸಾವನ್ನು ಎದುರುನೋಡುತ್ತಿದ್ದ ರೋಗಿಗಳಲ್ಲಿ. ಮುಂದೆ ಅವು ಉಳಿದವರ ಶೋಕಕ್ಕೂ ಅನ್ವಯವಾಗಿ, ರೈಲಿನ ನಿಲ್ದಾಣಗಳಂತೆ ಒಂದರ ಮೇಲೊಂದು ಬರಲೇಬೇಕೆಂಬ ನಂಬಿಕೆ ಹಬ್ಬಿತು. ಕೋಪವೇ ಬಾರದವರುಂಟು, ಒಂದೇ ದಿನದಲ್ಲಿ ಅಳು, ನಗು, ಸಿಟ್ಟು, ಶಾಂತಿ ನಾಲ್ಕನ್ನೂ ಕಾಣುವವರುಂಟು.

ಒಂದೇ ಮನೆಯೊಳಗೂ ದಾರಿಗಳು ಬೇರೆಯಾಗುತ್ತವೆ. ಹಲವು ಮಕ್ಕಳನ್ನು ಕಳೆದುಕೊಂಡ ದ. ರಾ. ಬೇಂದ್ರೆಯವರು ಅಂಥದೊಂದು ಸಾವಿನ ಸಂದರ್ಭದಲ್ಲಿ ಬರೆದ ಪ್ರಸಿದ್ಧ ಕವಿತೆಯಲ್ಲಿ ಗಂಡನಾದವನು ಹೆಂಡತಿಯ ನೋಟವನ್ನು ಎದುರಿಸಲಾರದೆ ತತ್ತರಿಸುತ್ತಾನೆ. ಕಳೆದುಹೋದದ್ದು ಒಂದೇ ಮಗು. ಆದರೂ ಒಬ್ಬರನ್ನೊಬ್ಬರು ಸಂತೈಸುವ ಶಕ್ತಿ ಆ ಗಳಿಗೆಯಲ್ಲಿ ಇಬ್ಬರಿಗೂ ಇಲ್ಲ. ಹೊರಗಿನ ಅನುಭವಿಗಳು ಬೇಕಾಗುವುದು ಇಂಥಲ್ಲಿಯೇ. ಗಂಡಸರ ವಿಷಯದಲ್ಲಿ ಇನ್ನೊಂದು ಮಾತು: ಎದುರುಬದುರು ಕುಳಿತು ದುಃಖದ ಮಾತೆತ್ತಿದರೆ ಅನೇಕರು ಮೌನವಾಗುತ್ತಾರೆ. ಜೊತೆಯಲ್ಲಿ ಪಿಂಚಣಿ ಕಚೇರಿಗೆ ನಡೆದು ಹೋಗುವಾಗ, ಸ್ಕೂಟರ್ ದುರಸ್ತಿಗೆ ಕೊಟ್ಟು ಕಾಯುವಾಗ ಅದೇ ಮಾತು ತಾನಾಗಿ ಹೊರಡುತ್ತದೆ.

ದೇಹದ ಕಡೆಗೂ ಗಮನ

1942ರ ನವೆಂಬರ್ 28ರಂದು ಬಾಸ್ಟನ್ ನಗರದ ಕೊಕೋನಟ್ ಗ್ರೋವ್ ಎಂಬ ವಿಹಾರಮಂದಿರಕ್ಕೆ ಬೆಂಕಿ ಬಿದ್ದು 492 ಮಂದಿ ಸತ್ತರು. ಅವರ ಬಂಧುಗಳನ್ನೂ ಬದುಕುಳಿದವರನ್ನೂ ಕಂಡು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನ ಶೋಕದ ವೈದ್ಯಕೀಯ ಅಧ್ಯಯನಕ್ಕೆ ಬುನಾದಿಯಾಯಿತು. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಮಡಿದಾಗ ನಿಮ್ಹಾನ್ಸ್ ತಜ್ಞರು ಆ ಕುಟುಂಬಗಳ ಶೋಕವನ್ನು ಅಭ್ಯಸಿಸಿದರು. ಲಿಂಡೆಮನ್ನರು ಗುರುತಿಸಿದ ಲಕ್ಷಣಗಳು ಇಂದಿಗೂ ಯಾವ ಮನೆಯಲ್ಲಿಯಾದರೂ ಕಾಣಬಹುದಾದಂಥವು: ಗಂಟಲು ಬಿಗಿಯುವುದು, ಮತ್ತೆ ಮತ್ತೆ ನಿಟ್ಟುಸಿರು, ಹೊಟ್ಟೆ ಟೊಳ್ಳಾದಂತೆ ಅನಿಸುವುದು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಹೋದವರ ರೂಪ ಕಣ್ಣಿಗೆ ಕಟ್ಟುವುದು, ತಾನೇ ತಪ್ಪು ಮಾಡಿದೆನೆಂಬ ಭಾವ, ಹತ್ತಿರದವರ ಮೇಲೆ ಸಿಡುಕು. ‘ನನಗೂ ಹೀಗಾಗಿತ್ತು’ ಎಂಬ ಮಾತು ಅತ್ಯಂತ ಪ್ರಯೋಜನಕ್ಕೆ ಬರುವುದು ಇಲ್ಲಿ. ತನಗೆ ಹುಚ್ಚು ಹಿಡಿಯುತ್ತಿದೆಯೆಂದು ಹೆದರಿದವರಿಗೆ, ಗಂಡನ ಕೆಮ್ಮಿನ ಸದ್ದು ತನಗೂ ಕೇಳಿಸುತ್ತಿತ್ತೆಂದು ಇನ್ನೊಬ್ಬಳು ಹೇಳಿದರೆ ಆ ರಾತ್ರಿ ನಿದ್ರೆ ಬಂದೀತು.

ಶೋಕ ದೇಹವನ್ನು ಹಣ್ಣು ಮಾಡುತ್ತದೆಂಬುದು ಬರಿಯ ನುಡಿಗಟ್ಟಲ್ಲ. ಇಂಗ್ಲೆಂಡಿನ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 55 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 4,486 ಮಂದಿ ವಿಧುರರ ದಾಖಲೆಗಳನ್ನು ಪರಿಶೀಲಿಸಿ 1969ರಲ್ಲಿ ತಿಳಿಸಿದಂತೆ, ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಮರಣಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡಾ 40ರಷ್ಟು ಹೆಚ್ಚಾಗಿತ್ತು. ಆದುದರಿಂದ ಮಾತಾಡಿಸಲು ಹೋದವರು ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ಸಾಗುತ್ತಿದೆಯೇ, ಊಟ ಎಷ್ಟು ಹೊತ್ತಿಗೆ ಎಂಬುದನ್ನು ವಿಚಾರಿಸುವುದು ಅಧಿಕಪ್ರಸಂಗವಾಗದು. ಅನೇಕ ಮನೆಗಳಲ್ಲಿ ಗಂಡನ ಮಾತ್ರೆಯ ಲೆಕ್ಕ ಇಟ್ಟಿದ್ದವಳೇ ಹೋಗಿರುತ್ತಾಳೆ.

ಸ್ವಾನುಭವದ ಬಲ ಸಾಲದ ಸ್ಥಿತಿಯೂ ಒಂದಿದೆ. ಅಗಲಿದವರಿಗಾಗಿ ತೀವ್ರ ಹಂಬಲ ತಿಂಗಳುಗಟ್ಟಲೆ ಇಳಿಯದೆ, ಮನೆವಾರ್ತೆಯೂ ಉದ್ಯೋಗವೂ ನಿಂತುಹೋದರೆ ಅದನ್ನು ‘ದೀರ್ಘಕಾಲಿಕ ಶೋಕ’ವೆಂಬ ವ್ಯಾಧಿಯಾಗಿ ವೈದ್ಯಶಾಸ್ತ್ರ ಈಗ ಗುರುತಿಸುತ್ತದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಇದಕ್ಕೆ ಕನಿಷ್ಠ 6 ತಿಂಗಳ ಅವಧಿಯನ್ನೂ, ಅದೇ ವರ್ಷದ ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ 12 ತಿಂಗಳನ್ನೂ ಸೂಚಿಸುತ್ತವೆ. ಇದಕ್ಕೆ ಚಿಕಿತ್ಸೆಯುಂಟು. ‘ನಾನು ಡಾಕ್ಟರ ಹತ್ತಿರ ಹೋಗದೆಯೇ ಗುಣವಾದೆ’ ಎಂಬ ಹೆಮ್ಮೆಯ ಕಥೆ ಇಲ್ಲಿ ಕೇಡನ್ನೇ ಮಾಡುತ್ತದೆ. ಅವರ ಹಿಂದೆಯೇ ಹೋಗಿಬಿಡಬೇಕೆನಿಸುತ್ತದೆ ಎಂಬಂಥ ಮಾತು ಬಂದರೆ ಅದನ್ನು ದುಃಖದ ಅಲಂಕಾರವೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಬಹುದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೇವೆ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ನಲವತ್ತು ವರ್ಷ ಗುಜರಾತಿಯಲ್ಲಿ ವ್ಯವಹರಿಸಿದವರಿಗೂ ದುಃಖವನ್ನು ಹೇಳಿಕೊಳ್ಳುವಾಗ ತಾಯ್ನುಡಿಯೇ ಬೇಕೆನಿಸುವುದು ಆಶ್ಚರ್ಯವಲ್ಲ.

ನೆರವಾಗುವವರ ಸ್ವಂತ ಗಾಯದ ವಿಷಯ ಉಳಿಯಿತು. ವರ್ಷಗಳು ಕಳೆದ ಮಾತ್ರಕ್ಕೆ ಅದು ಮಾಗಿದೆಯೆಂದು ಹೇಳಲಾಗದು. ಗಣರಾಜ್ಯೋತ್ಸವದ ದಿನ ಧ್ವಜ ಏರುವಾಗ ಪಕ್ಕಕ್ಕೆ ಸರಿದು ನಿಲ್ಲುವವರು ಸ್ಯಾಟಲೈಟಿನಲ್ಲಿ ಇನ್ನೂ ಇರಬಹುದು. ಅಂಥವರಿಗೆ ಜೂನ್ ತಿಂಗಳ ದೂರದರ್ಶನದ ದೃಶ್ಯಗಳು ಹಳೆಯ ಅವಶೇಷಗಳ ಧೂಳನ್ನೇ ಎಬ್ಬಿಸಿರುತ್ತವೆ. ಸಂಘದವರು ‘ನೀವೇ ಹೋಗಿಬನ್ನಿ’ ಎಂದಾಗ ‘ಈ ಸಲ ನನ್ನಿಂದಾಗದು’ ಎನ್ನುವ ಸ್ವಾತಂತ್ರ್ಯ ಅವರಿಗೆ ಇರಬೇಕು; ಹಾಗೆಂದವರನ್ನು ಒತ್ತಾಯಿಸುವುದು ತರವಲ್ಲ. ಹೋಗುವವರು ಇಬ್ಬರಾಗಿ ಹೋದರೆ ಒಳ್ಳೆಯದು, ಅವರಲ್ಲೊಬ್ಬರು ಅಂಥ ದುಃಖವನ್ನು ಕಾಣದವರಾದರೂ ಚಿಂತೆಯಿಲ್ಲ. ಹಿಂದಿರುಗುವಾಗ ದಾರಿಯಲ್ಲಿ, ಅಲ್ಲಿ ನುಂಗಿಕೊಂಡ ತಮ್ಮ ಕಥೆಯನ್ನು ಜೊತೆಗಾರರ ಮುಂದೆ ಹೇಳಿಕೊಳ್ಳಬಹುದು.

ಮನೆಯವರು ಹೇಳಿದ ದಿನಾಂಕಗಳನ್ನು, ಹೋದವರ ಹುಟ್ಟಿದ ದಿನ, ಮದುವೆಯ ದಿನ, ತಿಥಿ, ಮಗಳ ಪರೀಕ್ಷೆಯ ಫಲಿತಾಂಶ ಬರಬೇಕಾಗಿದ್ದ ದಿನ, ಇವುಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳುವ ಹಿರಿಯರುಂಟು. ಆ ದಿನ ಬೆಳಿಗ್ಗೆ ಫೋನು ಮಾಡಿ, “ಇವತ್ತು ಅವಳ ಹುಟ್ಟುಹಬ್ಬ ಅಲ್ಲವೇ? ಸಂಜೆ ಬರಲೇ?” ಎಂದು ಕೇಳುತ್ತಾರೆ. ಬೇಡವೆಂದರೆ ಮುಂದಿನ ಭಾನುವಾರವೆಂದು ಬರೆದಿಟ್ಟುಕೊಳ್ಳುತ್ತಾರೆ.